ಇಂಟರ್‌ವ್ಯೂ ಆದ ಮೇಲೆ ಕಲಿಯುವ ಆಸಕ್ತಿ ತೋರಿಸುವುದು ಹೇಗೆ? ಹಂತ ಹಂತದ ಮಾರ್ಗದರ್ಶಿ

ಚಿಕ್ಕಮಗಳೂರಿನ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನ ಆಫೀಸಿನಲ್ಲಿ ನನ್ನ ಕೆಲಸ. ಒಣಗಿದ ಕಾಫಿಯ ಸಿಪ್ಪೆ ತೆಗೆದು ಬೀಜ ವಿಂಗಡಿಸುವ ಜಾಗ ಅದು. ಎಂಟು ವರ್ಷದಿಂದ ಇಂಟರ್‌ವ್ಯೂ ಮಾಡುವವರ ಸಾಲಿನಲ್ಲಿ ಕೂರುತ್ತಿದ್ದೇನೆ. ಮೂಡಿಗೆರೆ, ತರೀಕೆರೆ, ಬೇಲೂರು, ಹಾಸನ, ಸಕಲೇಶಪುರ ಅಂತ ಎಲ್ಲ ಕಡೆಯಿಂದ ಹುಡುಗರು, ಹುಡುಗಿಯರು ಬರುತ್ತಾರೆ. ಇಂಟರ್‌ವ್ಯೂನಲ್ಲಿ ಚೆನ್ನಾಗೇ ಮಾತಾಡುತ್ತಾರೆ. ಎಡವುವುದು ಆಮೇಲೆ.

ಮೂರನೇ ದಿನ ಫೋನಿಗೆ ಮೆಸೇಜ್ ಬರುತ್ತದೆ: ‘ಮೇಡಂ, ಏನಾದ್ರೂ ಅಪ್‌ಡೇಟ್ ಇದೆಯಾ?’ ಇಲ್ಲಾಂದ್ರೆ ಉದ್ದದ ಇಮೇಲ್: ‘ನನಗೆ ಹೊಸದನ್ನು ಕಲಿಯಲು ತುಂಬಾ ಆಸಕ್ತಿ ಇದೆ. ಬೇಗ ಕಲಿಯುತ್ತೇನೆ. ಒಂದು ಅವಕಾಶ ಕೊಡಿ.’ ಹೆಚ್ಚಿನವರು ಬರೆಯುವುದು ಇಷ್ಟೇ. ನಿಜವಾಗಿ ಆಸಕ್ತಿ ಇರುವವರೂ ಇದನ್ನೇ ಬರೆಯುತ್ತಾರೆ, ಇಲ್ಲದವರೂ ಇದನ್ನೇ ಬರೆಯುತ್ತಾರೆ. ಓದುವ ನಮಗೆ ಯಾರು ಯಾರು ಅಂತ ಗೊತ್ತಾಗುವುದಾದರೂ ಹೇಗೆ? ಒಳ್ಳೆಯ ಮಕ್ಕಳು ಈ ಒಂದು ಕಾರಣಕ್ಕೆ ಕೈಬಿಟ್ಟು ಹೋಗುವುದನ್ನು ನೋಡಿ ಬೇಜಾರಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಮಾಡಬೇಕಾದ್ದು ಇಷ್ಟು. ಇಂಟರ್‌ವ್ಯೂನಲ್ಲಿ ನೀವು ‘ಗೊತ್ತಿಲ್ಲ’ ಅಂದ ಒಂದೇ ಒಂದು ವಿಷಯ ಹಿಡಿದುಕೊಳ್ಳಿ. ನಾಲ್ಕೈದು ದಿನದಲ್ಲಿ ಅದನ್ನು ಕೈಯಾರೆ ಮಾಡಿ ನೋಡಿ. ಏನು ಮಾಡಿದಿರಿ ಅಂತ ಚಿಕ್ಕದಾಗಿ ತಿಳಿಸಿ. ಇದಕ್ಕೊಂದು ಕ್ರಮ ಇದೆ. ಮೊದಲನೆಯದನ್ನು ಬಿಟ್ಟು ಮೂರನೆಯದಕ್ಕೆ ಹಾರಿದರೆ ಫಲ ಸಿಗುವುದಿಲ್ಲ.

## ಮೊದಲು ಇವು ಕೈಯಲ್ಲಿರಲಿ

ಒಂದು ಸಣ್ಣ ನೋಟ್‌ಬುಕ್, ಪೆನ್ನು. ನಿಮ್ಮ ಹೆಸರಿನಲ್ಲೇ ಇರುವ ಇಮೇಲ್ ವಿಳಾಸ. ಕಾಲೇಜಿನಲ್ಲಿದ್ದಾಗ ಇಟ್ಟುಕೊಂಡ ಅಡ್ಡಹೆಸರಿನ ಇಮೇಲ್ ಬೇಡ, ಹೊಸದು ಮಾಡಿಕೊಳ್ಳಿ, ಹತ್ತು ನಿಮಿಷದ ಕೆಲಸ. ಕೆಲಸದ ಜಾಹೀರಾತಿನ ಫೋಟೋ ಅಥವಾ ಪ್ರತಿ ಕಳೆಯದ ಹಾಗೆ ಇಟ್ಟುಕೊಳ್ಳಿ. ತುಂಬಾ ಜನ ಇಂಟರ್‌ವ್ಯೂ ಮುಗಿದ ತಕ್ಷಣ ಅದನ್ನು ಅಳಿಸಿಬಿಡುತ್ತಾರೆ. ಆಮೇಲೆ ತಾವು ಯಾವ ಹುದ್ದೆಗೆ ಹೋಗಿದ್ದು ಅನ್ನುವುದೇ ಅವರಿಗೆ ಸರಿಯಾಗಿ ನೆನಪಿರುವುದಿಲ್ಲ.

ವಾಟ್ಸಾಪ್‌ನ ಡಿಪಿ, ಸ್ಟೇಟಸ್ ಕೂಡ ಒಮ್ಮೆ ನೋಡಿಕೊಳ್ಳಿ. ನಿಮ್ಮ ಮೆಸೇಜ್ ಬಂದಾಗ ನಮಗೆ ಮೊದಲು ಕಾಣುವುದು ಅದೇ.

## ಹಂತ 1: ಎದ್ದು ಬರುವ ಮೊದಲು ಎರಡು ಪ್ರಶ್ನೆ ಕೇಳಿ

‘ನಿಮಗೆ ಏನಾದ್ರೂ ಕೇಳೋದಿದೆಯಾ?’ ಅಂತ ಕೊನೆಯಲ್ಲಿ ಕೇಳುತ್ತಾರೆ. ‘ಏನಿಲ್ಲ ಮೇಡಂ’ ಅಂತ ಎದ್ದುಬಿಡಬೇಡಿ.

ಮೊದಲ ಪ್ರಶ್ನೆ: ‘ಈ ಕೆಲಸಕ್ಕೆ ಸೇರಿದವರು ಮೊದಲ ತಿಂಗಳಲ್ಲಿ ಏನೇನು ಕಲಿಯಬೇಕಾಗುತ್ತೆ?’ ಇದಕ್ಕೆ ಬರುವ ಉತ್ತರದಲ್ಲೇ ಮುಂದಿನ ಎಲ್ಲ ಹಂತಕ್ಕೂ ಬೇಕಾದ ಸರಕು ಇರುತ್ತದೆ. ಅವರು ಬಳಸುವ ಪದಗಳನ್ನು ಕಿವಿಗೊಟ್ಟು ಕೇಳಿ.

ಎರಡನೆಯದು: ‘ಯಾವಾಗ ತಿಳಿಸುತ್ತೀರಿ? ಅಷ್ಟರಲ್ಲಿ ಏನಾದರೂ ಕೇಳಬೇಕಿದ್ದರೆ ಯಾರನ್ನು, ಹೇಗೆ ಸಂಪರ್ಕಿಸಲಿ?’ ಇದನ್ನು ಕೇಳದೆ ಬಂದವರೇ ಮುಂದೆ ಕಂಡ ಕಂಡ ನಂಬರಿಗೆಲ್ಲ ಫೋನ್ ಮಾಡುತ್ತಾರೆ. ಮಾತಾಡಿದವರ ಹೆಸರು, ಹುದ್ದೆ ಗೊತ್ತಾಗದಿದ್ದರೆ ಹೊರಗೆ ರಿಸೆಪ್ಷನ್‌ನಲ್ಲಿ ಕೇಳಿ ಬರೆದುಕೊಳ್ಳಿ. ಹೆಸರಿನ ಕಾಗುಣಿತವನ್ನೂ ಕೇಳಿ. ಅದರಲ್ಲಿ ನಾಚಿಕೆ ಪಡುವಂಥದ್ದೇನೂ ಇಲ್ಲ.

## ಹಂತ 2: ಬಸ್ ಹತ್ತುವ ಮೊದಲು ಬರೆದುಕೊಳ್ಳಿ

ಮನೆಗೆ ಹೋಗಿ ಬರೆಯೋಣ ಅಂದುಕೊಂಡರೆ ಅರ್ಧ ಮರೆತಿರುತ್ತದೆ. ಬಸ್‌ಸ್ಟ್ಯಾಂಡಿನ ಬೆಂಚಿನ ಮೇಲೆ ಕೂತು ಹದಿನೈದು ನಿಮಿಷ ಬರೆಯಿರಿ. ಕೊಪ್ಪ, ಕಳಸದ ಕಡೆ ಹೋಗುವವರಿಗಂತೂ ತಿರುವಿನ ದಾರಿಯಲ್ಲಿ ಬಸ್ಸಿನೊಳಗೆ ಕೂತು ಬರೆಯಲು ಆಗುವುದೇ ಇಲ್ಲ.

ಅಂದವಾಗಿ ಬರೆಯಬೇಕಿಲ್ಲ. ಹೀಗಿದ್ದರೆ ಸಾಕು:

> ಟ್ಯಾಲಿ ಎಂಟ್ರಿ: ಸರಿ ಹೇಳಿದೆ.
> ಇ-ವೇ ಬಿಲ್: 50,000 ಅಂತ ಗೊತ್ತಿತ್ತು. ಎಷ್ಟು ದಿನ ನಡೆಯುತ್ತೆ ಅಂದ್ರು, ಸುಮ್ನೆ ಕೂತೆ.
> ಔಟ್‌ಟರ್ನ್: ಪದವೇ ಗೊತ್ತಿಲ್ಲ. ಮೇಡಂ ಎರಡು ಸಲ ಹೇಳಿದ್ರು.
> ಮುಂದಿನ ಬುಧವಾರದೊಳಗೆ ತಿಳಿಸ್ತಾರೆ. ಇಮೇಲ್ ಮಾಡಬಹುದು ಅಂದ್ರು.

(ಟ್ಯಾಲಿ ಅಂದರೆ ಲೆಕ್ಕ ಇಡುವ ಸಾಫ್ಟ್‌ವೇರ್. ಇ-ವೇ ಬಿಲ್ ಅಂದರೆ 50,000 ರೂಪಾಯಿಗಿಂತ ಹೆಚ್ಚಿನ ಸರಕು ಸಾಗಿಸುವಾಗ ಬೇಕಾದ ಜಿಎಸ್‌ಟಿ ಪತ್ರ. ಔಟ್‌ಟರ್ನ್ ಏನು ಅಂತ ಹಂತ 5ರಲ್ಲಿ ಹೇಳುತ್ತೇನೆ.) ಗಮನಿಸಿ, ಇಲ್ಲಿ ತಡವರಿಸಿದ ಜಾಗವನ್ನು ಮುಚ್ಚಿಟ್ಟಿಲ್ಲ. ‘ಚೆನ್ನಾಗಾಯ್ತು’ ಅಂತ ಮಾತ್ರ ಬರೆದುಕೊಂಡರೆ ಮುಂದೆ ಕಲಿಯಲು ಏನೂ ಉಳಿಯುವುದಿಲ್ಲ. ಯಾರು ಯಾವ ಮಾತನ್ನು ಎರಡು ಸಲ ಹೇಳಿದರು ಅನ್ನುವುದನ್ನು ತಪ್ಪದೇ ಬರೆಯಿರಿ. ನಾವು ಯಾವುದನ್ನಾದರೂ ಎರಡು ಸಲ ಹೇಳಿದೆವು ಅಂದರೆ ಅದು ದಿನಾ ಬೇಕಾಗುವ ಕೆಲಸ ಅಂತಲೇ ಅರ್ಥ.

## ಹಂತ 3: 24 ಗಂಟೆಯೊಳಗೆ ಮೊದಲ ಮೆಸೇಜ್

ಇದು ಧನ್ಯವಾದದ ಮೆಸೇಜ್. ಐದಾರು ಸಾಲು ಮೀರಬಾರದು. ಯಾವ ವಿಷಯ ಕಲಿಯುತ್ತೀರಿ ಅಂತ ಇದರಲ್ಲೇ ಹೇಳಬೇಕು, ಅದನ್ನು ಆರಿಸುವುದು ಹೇಗೆ ಅಂತ ಹಂತ 4ರಲ್ಲಿದೆ, ಅದನ್ನು ಮೊದಲೇ ಓದಿಕೊಳ್ಳಿ.

> ನಮಸ್ಕಾರ ಮೇಡಂ,
> ನಿನ್ನೆ ಬೆಳಿಗ್ಗೆ 11ಕ್ಕೆ ಅಕೌಂಟ್ಸ್ ಅಸಿಸ್ಟೆಂಟ್ ಕೆಲಸದ ಇಂಟರ್‌ವ್ಯೂಗೆ ಬಂದಿದ್ದೆ. ಬಿಡುವು ಮಾಡಿಕೊಂಡು ಮಾತಾಡಿದ್ದಕ್ಕೆ ಧನ್ಯವಾದಗಳು.
> ಇ-ವೇ ಬಿಲ್ ಎಷ್ಟು ದಿನ ಚಾಲ್ತಿಯಲ್ಲಿರುತ್ತದೆ ಅಂತ ಕೇಳಿದಾಗ ನನಗೆ ಉತ್ತರ ಗೊತ್ತಿರಲಿಲ್ಲ. ಈ ವಾರ ಅದನ್ನು ಕಲಿಯುತ್ತಿದ್ದೇನೆ. ಕಲಿತದ್ದನ್ನು ಶುಕ್ರವಾರ ಚಿಕ್ಕದಾಗಿ ಬರೆದು ಕಳಿಸುತ್ತೇನೆ.
> ಇಂತಿ,
> (ಹೆಸರು, ಊರು, ಫೋನ್ ನಂಬರ್)

ಯಾವ ದಿನ, ಯಾವ ಕೆಲಸ ಅನ್ನುವುದು ಮೊದಲ ಸಾಲಿನಲ್ಲೇ ಬಂತು. ಗೊತ್ತಿಲ್ಲದ್ದನ್ನು ಹೆಸರು ಹಿಡಿದು ಹೇಳಿದಿರಿ. ಒಂದು ದಿನ ಹೇಳಿದಿರಿ. ಆ ದಿನವನ್ನು ತಪ್ಪಿಸುವ ಹಾಗಿಲ್ಲ. ಶುಕ್ರವಾರ ಅಂತ ಬರೆದು ಸೋಮವಾರ ಕಳಿಸುವುದಕ್ಕಿಂತ ಮೊದಲೇ ಸೋಮವಾರ ಅಂತ ಬರೆಯುವುದು ವಾಸಿ. ನಮ್ಮ ಮಲೆನಾಡಿನ ಕಡೆ ಮಳೆ ಹಿಡಿದರೆ ಕರೆಂಟೂ ಇರಲ್ಲ, ನೆಟ್‌ವರ್ಕೂ ಇರಲ್ಲ. ಅದನ್ನೂ ಲೆಕ್ಕ ಹಾಕಿಯೇ ದಿನ ಹೇಳಿ.

ಭಾಷೆ ಯಾವುದು ಅಂತ ತುಂಬಾ ಜನ ಕೇಳುತ್ತಾರೆ. ಜಾಹೀರಾತು, ಅವರ ಇಮೇಲ್ ಯಾವ ಭಾಷೆಯಲ್ಲಿತ್ತೋ ಅದರಲ್ಲೇ ಬರೆಯಿರಿ. ಇಂಗ್ಲಿಷ್ ಆದರೆ ಸಣ್ಣ ಸಣ್ಣ ವಾಕ್ಯ ಸಾಕು, ಎಲ್ಲಿಂದಲೋ ಎತ್ತಿದ ಭಾರಿ ಪದಗಳು ಬೇಡ.

### ಇಲ್ಲಿ ಆಗುವ ತಪ್ಪುಗಳು

ಮನೆಯ ಕಷ್ಟ ಬರೆಯುವುದು. ‘ಅಪ್ಪನಿಗೆ ಹುಷಾರಿಲ್ಲ, ತೋಟದ ಸಾಲ ಇದೆ, ದಯವಿಟ್ಟು ಕೆಲಸ ಕೊಡಿ’ ಅಂತ ಬಂದ ಮೆಸೇಜ್ ಓದಿ ನನಗೆ ಎಷ್ಟೋ ಸಲ ಕಣ್ಣು ತುಂಬಿದೆ. ಆದರೆ ಆಯ್ಕೆ ಮಾಡುವಾಗ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲು ಬರುವುದಿಲ್ಲ. ನಿಮ್ಮ ಕೈಯಲ್ಲಿ ಏನಾಗುತ್ತದೆ ಅನ್ನುವುದನ್ನು ಬರೆಯಿರಿ.

ಇನ್ನೊಂದು, ಮಾದರಿಯನ್ನು ಹಾಗೇ ನಕಲು ಹೊಡೆಯುವುದು. ಬೇರೆ ಕಂಪನಿಯ ಹೆಸರು ಹಾಗೇ ಉಳಿದಿರುವ ಇಮೇಲ್ ನನಗೆ ಬಂದಿದೆ. ಮೇಲಿನ ನನ್ನ ಮಾದರಿಯನ್ನೂ ಹಾಗೇ ಕಳಿಸಬೇಡಿ, ನಿಮ್ಮ ಮಾತಿನಲ್ಲಿ ಬರೆಯಿರಿ.

ಅವರು ಕೊಡದ ಪರ್ಸನಲ್ ನಂಬರನ್ನು ಯಾರ ಹತ್ತಿರವೋ ಕೇಳಿ ಪಡೆದು ಮೆಸೇಜ್ ಹಾಕಬೇಡಿ. ರಾತ್ರಿ ಹೊತ್ತಿನಲ್ಲಂತೂ ಬೇಡವೇ ಬೇಡ. ಬೆಳಿಗ್ಗೆ ಹತ್ತರಿಂದ ಸಂಜೆ ಐದರೊಳಗೆ ಇರಲಿ.

## ಹಂತ 4: ಕಲಿಯಲು ಒಂದೇ ವಿಷಯ ಆರಿಸಿ

ನೋಟ್‌ಬುಕ್‌ನಲ್ಲಿ ಗೊತ್ತಿಲ್ಲದ್ದು ಐದಾರು ಇರಬಹುದು. ಎಲ್ಲದಕ್ಕೂ ಕೈಹಾಕಬೇಡಿ. ಹೀಗೆ ಸೋಸಿ: ಆ ಕೆಲಸದಲ್ಲಿ ಅದು ದಿನಾ ಬೇಕಾ? ನಾಲ್ಕೈದು ದಿನದಲ್ಲಿ ಒಂದು ಮಟ್ಟಕ್ಕೆ ಬರುತ್ತಾ? ಕಲಿತದ್ದನ್ನು ಅರ್ಧ ಪುಟದಲ್ಲೋ ಒಂದು ಫೋಟೋದಲ್ಲೋ ತೋರಿಸಲು ಆಗುತ್ತಾ? ಮೂರಕ್ಕೂ ಹೌದು ಅಂದರೆ ಅದೇ ನಿಮ್ಮ ವಿಷಯ.

ನಮ್ಮ ಜಿಲ್ಲೆಗಳಲ್ಲಿ ಸಿಗುವ ಕೆಲಸಗಳನ್ನೇ ತೆಗೆದುಕೊಂಡು ಹೇಳುತ್ತೇನೆ.

ಅಕೌಂಟ್ಸ್ ಕೆಲಸ. ಇ-ವೇ ಬಿಲ್ ಒಳ್ಳೆಯ ವಿಷಯ. ಮಾಮೂಲಿ ಲಾರಿ ಲೋಡಿಗೆ ಪ್ರತಿ 200 ಕಿ.ಮೀ.ಗೆ ಒಂದು ದಿನದ ಅವಧಿ. ಚಿಕ್ಕಮಗಳೂರಿನಿಂದ ಮಂಗಳೂರು ಸುಮಾರು 150 ಕಿ.ಮೀ., ಹಾಗಾದರೆ ಒಂದು ದಿನ. ಬೆಂಗಳೂರು 240 ಕಿ.ಮೀ. ಹತ್ತಿರ, ಅಂದರೆ ಎರಡು ದಿನ. ಪಾರ್ಟ್ ಎ ನಲ್ಲಿ ಸರಕಿನ ವಿವರ, ಪಾರ್ಟ್ ಬಿ ನಲ್ಲಿ ಗಾಡಿಯ ವಿವರ. ಕಾಲ್ಪನಿಕ ಲೋಡ್ ಒಂದನ್ನು ಇಟ್ಟುಕೊಂಡು ಹಾಳೆಯ ಮೇಲೆ ಎರಡನ್ನೂ ತುಂಬಿ ನೋಡಿ. ಟ್ಯಾಲಿ ಕಲಿಯಬೇಕಿದ್ದರೆ ಅದರ ಎಜುಕೇಷನಲ್ ಮೋಡ್‌ಗೆ ದುಡ್ಡು ಕೊಡಬೇಕಿಲ್ಲ. ಕೆಲವೇ ತಾರೀಕುಗಳಿಗೆ ಎಂಟ್ರಿ ಹಾಕಲು ಬಿಡುತ್ತದೆ, ಆದರೆ ಅಭ್ಯಾಸಕ್ಕೆ ಅಷ್ಟು ಸಾಕು.

ಹಾಸನದ ಜವಳಿ, ಗಾರ್ಮೆಂಟ್ಸ್ ಘಟಕಗಳಲ್ಲಿ ಕ್ವಾಲಿಟಿ ಚೆಕಿಂಗ್. ಬಟ್ಟೆ ಪರೀಕ್ಷೆಗೆ ‘ಫೋರ್ ಪಾಯಿಂಟ್ ಸಿಸ್ಟಮ್’ ಅಂತ ಒಂದಿದೆ. ದೋಷದ ಉದ್ದ 3 ಇಂಚಿನೊಳಗಿದ್ದರೆ 1 ಪಾಯಿಂಟ್, 3ರಿಂದ 6 ಇಂಚಿಗೆ 2, 6ರಿಂದ 9ಕ್ಕೆ 3, ಅದಕ್ಕಿಂತ ಜಾಸ್ತಿಗೆ 4. ಮನೆಯ ಒಂದು ಹಳೆ ಬೆಡ್‌ಶೀಟ್ ಅಥವಾ ಪಂಚೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಟೇಪ್ ಇಟ್ಟು ಅಳೆದು ಪಾಯಿಂಟ್ ಹಾಕಿ.

ರೆಸಾರ್ಟ್, ಹೋಮ್‌ಸ್ಟೇ ಫ್ರಂಟ್ ಆಫೀಸ್. ವಿದೇಶಿ ಅತಿಥಿ ಬಂದರೆ 24 ಗಂಟೆಯೊಳಗೆ ಅವರ ವಿವರದ ಫಾರ್ಮ್ (ಮೊದಲಿನಿಂದ ಫಾರ್ಮ್ ಸಿ ಅನ್ನುತ್ತಿದ್ದದ್ದು) ಸರ್ಕಾರಕ್ಕೆ ಸಲ್ಲಿಸಬೇಕು. ಅದರಲ್ಲಿ ಪಾಸ್‌ಪೋರ್ಟಿನ, ವೀಸಾದ ಯಾವ ಯಾವ ವಿವರ ಬೇಕು ಅಂತ ಪಟ್ಟಿ ಮಾಡಿ, ಅತಿಥಿ ಬಂದಾಗ ಯಾವ ಕ್ರಮದಲ್ಲಿ ಕೇಳಬೇಕು ಅಂತ ಬರೆದುಕೊಳ್ಳಿ.

ಎರಡು ಗಂಟೆಯ ಆನ್‌ಲೈನ್ ಕೋರ್ಸಿನ ಸರ್ಟಿಫಿಕೇಟ್ ಕಳಿಸಿದರೆ ಸಾಲದಾ ಅಂತ ಕೇಳಬಹುದು. ಸಾಲದು. ಕೋರ್ಸ್ ಮಾಡಿ, ಖಂಡಿತ ಒಳ್ಳೆಯದು. ಆದರೆ ಅದನ್ನು ನೋಡಿ ನೀವು ಏನು ಮಾಡಿದಿರಿ ಅನ್ನುವುದೇ ನಮಗೆ ಬೇಕು.

## ಹಂತ 5: ಕೈಯಾರೆ ಮಾಡಿ, ಅಂಕಿ ಸಮೇತ ಬರೆದಿಡಿ

ಈ ಹಂತಕ್ಕೆ ಹೆಚ್ಚು ಸಮಯ ಕೊಡಿ. ಇದನ್ನು ಒಂದು ಉದಾಹರಣೆಯಲ್ಲೇ ಹೇಳುತ್ತೇನೆ.

ಕೆಲವು ವರ್ಷದ ಹಿಂದೆ ಮಾರ್ಚ್‌ನಲ್ಲಿ ಕೊಪ್ಪದ ಕಡೆಯ ಒಬ್ಬ ಹುಡುಗಿ ಲ್ಯಾಬ್ ಸಹಾಯಕಿ ಕೆಲಸಕ್ಕೆ ಬಂದಿದ್ದಳು. ಬಿ.ಎಸ್ಸಿ. ಮುಗಿದಿತ್ತು. ಔಟ್‌ಟರ್ನ್ ಅಂದರೆ ಏನು ಅಂತ ಕೇಳಿದೆವು. ಗೊತ್ತಿಲ್ಲ ಅಂದಳು. ನಮ್ಮಲ್ಲಿ ಒಣಗಿದ ಕಾಫಿ ಚೆರಿಯ 50 ಕೆಜಿ ಮೂಟೆಯಲ್ಲಿ ಸಿಪ್ಪೆ ತೆಗೆದ ಮೇಲೆ ಎಷ್ಟು ಕೆಜಿ ಬೀಜ ಸಿಗುತ್ತದೋ ಅದನ್ನು ಔಟ್‌ಟರ್ನ್ ಅನ್ನುತ್ತೇವೆ. 26 ಕೆಜಿ ಸಿಕ್ಕಿದರೆ 26 ಓಟಿ. ಬೆಳೆಗಾರನಿಗೆ ಸಿಗುವ ದುಡ್ಡು ಇದರ ಮೇಲೇ ನಿಂತಿದೆ.

ಐದನೇ ದಿನ ಅವಳ ಇಮೇಲ್ ಬಂತು. ಪಕ್ಕದ ಮನೆಯ ಕಣದಿಂದ ಅರ್ಧ ಕೆಜಿ ರೋಬಸ್ಟಾ ಚೆರಿ ತಂದಿದ್ದಳು. ಅಂಗಡಿಯವರ ತಕ್ಕಡಿಯಲ್ಲಿ ತೂಗಿಸಿ, ಒರಳಿಗೆ ಹಾಕಿ ಮೆಲ್ಲಗೆ ಕುಟ್ಟಿ, ಮೊರದಲ್ಲಿ ಕೇರಿ, ಉಳಿದ ಬೀಜ ತೂಗಿದ್ದಳು. 262 ಗ್ರಾಂ. 50 ಕೆಜಿಗೆ ಲೆಕ್ಕ ಹಾಕಿ 26.2 ಅಂತ ಬರೆದಿದ್ದಳು. ಮಾರನೇ ದಿನ ಅದೇ ಕಣದ ಇನ್ನೊಂದು ಅರ್ಧ ಕೆಜಿ ತೆಗೆದುಕೊಂಡು ಮತ್ತೆ ಮಾಡಿದ್ದಳು. ಈ ಸಲ 255 ಗ್ರಾಂ, ಅಂದರೆ 25.5. ನೋಟ್‌ಬುಕ್ಕಿನ ಆ ಪುಟದ ಫೋಟೋ ಹಾಕಿದ್ದಳು. ಪುಟದ ಮೂಲೆಯಲ್ಲಿ ಚೆರಿ ಸಿಪ್ಪೆಯ ಕಂದು ಕಲೆ ಹಾಗೇ ಇತ್ತು.

ಕೊನೆಯಲ್ಲಿ ಒಂದು ಸಾಲು: ‘ಒಂದೇ ಕಣದ ಕಾಫಿ, ಎರಡು ಸಲ ಬೇರೆ ಬೇರೆ ಯಾಕೆ ಬಂತು ಅಂತ ನನಗೆ ಗೊತ್ತಾಗಲಿಲ್ಲ ಮೇಡಂ.’

ನಮ್ಮ ಲ್ಯಾಬಿನ ಹಿರಿಯರು ಆ ಸಾಲನ್ನು ಎರಡು ಸಲ ಓದಿದರು. ತೇವಾಂಶ ಇರಬಹುದು, ಜೊಳ್ಳು ಇರಬಹುದು, ಕಾಯಿಕೊರಕ ತಿಂದ ಬೀಜ ಇರಬಹುದು, ಕುಟ್ಟುವಾಗ ಪುಡಿಯಾಗಿ ಸಿಪ್ಪೆಯ ಜೊತೆ ಹಾರಿ ಹೋಗಿರಬಹುದು. ಲ್ಯಾಬಿನಲ್ಲಿ ದಿನವಿಡೀ ನಾವು ಹುಡುಕುವುದು ಇದನ್ನೇ. ಅವಳು ತಾನಾಗೇ ಆ ಬಾಗಿಲಿಗೆ ಬಂದು ನಿಂತಿದ್ದಳು. ಅವತ್ತೇ ಫೋನ್ ಮಾಡಿ ಎರಡನೇ ಸಲ ಕರೆದೆವು.

ಅವಳು ಮಾಡಿದ್ದರಲ್ಲಿ ನೀವೂ ಮಾಡಬಹುದಾದ್ದು ಏನು ಅಂತ ನೋಡಿ. ಒಂದು ಸಲ ಮಾಡಿ ಬಿಡಲಿಲ್ಲ, ಎರಡನೇ ಸಲ ಮಾಡಿದಳು. ಎರಡರ ಅಂಕಿಯನ್ನೂ ಇದ್ದ ಹಾಗೆ ಬರೆದಳು, ಹೊಂದಿಸಲು ಹೋಗಲಿಲ್ಲ. ತಿಳಿಯದೆ ಉಳಿದದ್ದನ್ನು ತಿಳಿಯದೆ ಉಳಿದದ್ದು ಅಂತಲೇ ಹೇಳಿದಳು. ದುಡ್ಡು ಖರ್ಚು ಮಾಡಲಿಲ್ಲ.

## ಹಂತ 6: ಎರಡನೇ ಮೆಸೇಜ್

ಹೇಳಿದ ದಿನವೇ ಕಳಿಸಿ. ಮೊದಲ ಇಮೇಲ್‌ಗೆ ರಿಪ್ಲೈ ಮಾಡಿಯೇ ಕಳಿಸಿ, ಆಗ ಹಳೆಯದೂ ಕೆಳಗೆ ಕಾಣುತ್ತದೆ. ಹೊಸದಾಗಿ ಶುರುಮಾಡಿದರೆ ಓದುವವರು ಮತ್ತೆ ನೆನಪಿಸಿಕೊಳ್ಳಬೇಕು.

> ನಮಸ್ಕಾರ ಮೇಡಂ,
> ಮೊದಲ ಇಮೇಲ್‌ನಲ್ಲಿ ಹೇಳಿದಂತೆ ಇ-ವೇ ಬಿಲ್ ಬಗ್ಗೆ ಕಲಿತೆ. ಚಿಕ್ಕಮಗಳೂರಿನಿಂದ ಮಂಗಳೂರಿಗೆ ಮತ್ತು ಬೆಂಗಳೂರಿಗೆ ಹೋಗುವ ಎರಡು ಕಾಲ್ಪನಿಕ ಲೋಡ್ ಇಟ್ಟುಕೊಂಡು ಪಾರ್ಟ್ ಎ, ಪಾರ್ಟ್ ಬಿ ಬರೆದು ನೋಡಿದೆ. ಮೊದಲನೆಯದಕ್ಕೆ 1 ದಿನ, ಎರಡನೆಯದಕ್ಕೆ 2 ದಿನ ಬಂತು. ಆ ಪುಟದ ಫೋಟೋ ಜೊತೆಗಿದೆ.
> ದಾರಿಯಲ್ಲಿ ಗಾಡಿ ಕೆಟ್ಟು ಬೇರೆ ಗಾಡಿಗೆ ಸರಕು ಹಾಕಿದರೆ ಪಾರ್ಟ್ ಬಿ ಬದಲಿಸಬೇಕು ಅಂತ ಓದಿದೆ. ಅದನ್ನು ಆಫೀಸಿನಲ್ಲಿ ಯಾರು ಮಾಡುತ್ತಾರೆ ಅನ್ನುವುದು ಇನ್ನೂ ಗೊತ್ತಾಗಿಲ್ಲ. ಮುಂದೆ ಅವಕಾಶ ಸಿಕ್ಕಾಗ ಕೇಳಿ ತಿಳಿದುಕೊಳ್ಳುತ್ತೇನೆ.
> ಧನ್ಯವಾದಗಳು.

ಇದರಲ್ಲಿ ‘ಆಸಕ್ತಿ’ ಅನ್ನುವ ಪದವೇ ಇಲ್ಲ, ನೋಡಿದಿರಾ? ‘ಯಾವಾಗ ತಿಳಿಸ್ತೀರಿ’ ಅನ್ನುವ ಪ್ರಶ್ನೆಯೂ ಇಲ್ಲ. ಅದನ್ನು ಇಲ್ಲಿ ಸೇರಿಸಬೇಡಿ. ಸೇರಿಸಿದರೆ ಮೇಲೆ ಬರೆದದ್ದೆಲ್ಲ ಆ ಒಂದು ಪ್ರಶ್ನೆಗೆ ಪೀಠಿಕೆ ಆಗಿಬಿಡುತ್ತದೆ.

ಒಂದೇ ಫೋಟೋ ಅಥವಾ ಒಂದೇ ಪುಟ. ಹತ್ತು ಪುಟದ ಪಿಡಿಎಫ್ ತೆರೆಯಲು ಯಾರಿಗೂ ಪುರುಸೊತ್ತಿಲ್ಲ. ಜನವರಿಯಿಂದ ಏಪ್ರಿಲ್‌ವರೆಗೆ ಕಾಫಿ ಬರುವ ಕಾಲದಲ್ಲಿ ನಮ್ಮ ಆಫೀಸಿನಲ್ಲಿ ಊಟಕ್ಕೂ ಹೊತ್ತಾಗುತ್ತದೆ.

ಬೇರೆಯವರಿಂದಲೋ, ಎಐ ಕೈಲೋ ಬರೆಸಿ ಕಳಿಸುವುದರಲ್ಲಿ ದೊಡ್ಡ ಅಪಾಯ ಇದೆ. ನಾವು ಫೋನ್ ಮಾಡುತ್ತೇವೆ. ‘ನೀವು ಬರೆದಿದ್ದೀರಲ್ಲ, ಸ್ವಲ್ಪ ಹೇಳಿ’ ಅಂತ ಕೇಳುತ್ತೇವೆ. ಮಾಡದೇ ಇದ್ದವರು ಮೊದಲ ಪ್ರಶ್ನೆಗೇ ನಿಂತುಬಿಡುತ್ತಾರೆ. ಅಲ್ಲಿಗೆ ಮುಗಿಯಿತು.

## ಹಂತ 7: ಫೋನ್ ಯಾವಾಗ, ಎಷ್ಟು ಸಲ

ಅವರು ಹೇಳಿದ ದಿನ ದಾಟಿ ಎರಡು ಕೆಲಸದ ದಿನ ಕಾಯಿರಿ. ಆಮೇಲೆ ಒಂದು ಸಲ ಫೋನ್ ಮಾಡಿ. ‘ನಮಸ್ಕಾರ ಮೇಡಂ, ಇಂಥವರು ಮಾತಾಡ್ತಿರೋದು, ಇಂಥ ದಿನ ಇಂಟರ್‌ವ್ಯೂಗೆ ಬಂದಿದ್ದೆ. ಎರಡು ನಿಮಿಷ ಮಾತಾಡಬಹುದಾ?’ ಬಿಡುವಿಲ್ಲ ಅಂದರೆ ಯಾವಾಗ ಮಾಡಲಿ ಅಂತ ಕೇಳಿ ಇಟ್ಟುಬಿಡಿ. ಎತ್ತದಿದ್ದರೆ ಒಂದು ಮೆಸೇಜ್ ಹಾಕಿ. ಒಂದು ವಾರ ಬಿಟ್ಟು ಕೊನೆಯದಾಗಿ ಇನ್ನೊಂದು ಸಲ. ಅಲ್ಲಿಗೆ ಸಾಕು.

2011ರಲ್ಲಿ ಹಾಸನದ ಒಂದು ಕಂಪನಿಗೆ ಇಂಟರ್‌ವ್ಯೂ ಕೊಟ್ಟು ಬಂದ ನಾನು ಒಂದೇ ದಿನ ಮೂರು ಸಲ ಫೋನ್ ಮಾಡಿದ್ದೆ. ಆಸಕ್ತಿ ಇದೆ ಅಂತ ಅವರಿಗೆ ಗೊತ್ತಾಗಲಿ ಅಂತಲೇ ಮಾಡಿದ್ದು. ಮೂರನೇ ಸಲ ಎತ್ತಿದವರು ‘ನಾವೇ ಮಾಡ್ತೀವಮ್ಮ’ ಅಂದರು. ಆ ಫೋನ್ ಬರಲಿಲ್ಲ. ನನಗೆ ಹೇಳಿಕೊಡುವವರು ಅವತ್ತು ಯಾರೂ ಇರಲಿಲ್ಲ.

## ಎಚ್ಚರ: ಇವು ಕಂಡರೆ ನಿಲ್ಲಿಸಿ

ಕಲಿಯುವ ಹುಮ್ಮಸ್ಸು ಇರುವವರನ್ನೇ ಹುಡುಕಿ ಮೋಸ ಮಾಡುವವರಿದ್ದಾರೆ.

ಟ್ರೈನಿಂಗ್ ಫೀಸು, ಯೂನಿಫಾರ್ಮ್, ಡೆಪಾಸಿಟ್ ಅಂತ ಕೆಲಸಕ್ಕೆ ಮೊದಲೇ ದುಡ್ಡು ಕೇಳಿದರೆ ಕೊಡಬೇಡಿ. ಒಟಿಪಿ ಕೇಳಿದರೆ ಮಾತೇ ನಿಲ್ಲಿಸಿ. ಆನ್‌ಲೈನ್‌ನಲ್ಲಿ ದುಡ್ಡು ಹೋಗಿಬಿಟ್ಟಿದ್ದರೆ ತಡ ಮಾಡದೆ 1930ಕ್ಕೆ ಫೋನ್ ಮಾಡಿ, ಅದು ಸೈಬರ್ ವಂಚನೆಯ ಸಹಾಯವಾಣಿ.

ಒರಿಜಿನಲ್ ಮಾರ್ಕ್ಸ್ ಕಾರ್ಡ್ ನಮ್ಮಲ್ಲೇ ಇರಲಿ ಅಂದರೂ ಬಿಟ್ಟು ಬರಬೇಡಿ. ತೋರಿಸಿ, ಜೆರಾಕ್ಸ್ ಕೊಟ್ಟು ಬನ್ನಿ.

ಪರೀಕ್ಷೆಗೆ ಅಂತ ಒಂದು ಗಂಟೆಯ ಸಣ್ಣ ಕೆಲಸ ಕೊಡುವುದು ಸಹಜ. ಆದರೆ ಒಂದು ತಿಂಗಳ ಬಿಲ್ಲುಗಳ ರಾಶಿಯನ್ನೇ ಕೊಟ್ಟು ‘ಎಂಟ್ರಿ ಮಾಡ್ಕೊಂಡು ಬನ್ನಿ, ಕಲಿತ ಹಾಗೂ ಆಗುತ್ತೆ’ ಅಂದರೆ ಅದು ಬಿಟ್ಟಿ ದುಡಿಮೆ. ‘ಒಂದು ದಿನದ ಬಿಲ್ ಮಾಡಿ ತೋರಿಸುತ್ತೇನೆ ಸರ್’ ಅನ್ನಿ. ಒಪ್ಪದಿದ್ದರೆ ಎದ್ದು ಬನ್ನಿ.

## ಹಂತ 8: ಉತ್ತರ ಬಂದ ಮೇಲೆ

ಎರಡನೇ ಸಲ ಕರೆದರೆ ಆ ನೋಟ್‌ಬುಕ್ ತೆಗೆದುಕೊಂಡೇ ಹೋಗಿ. ಕೇಳಿದರೆ ಮಾತ್ರ ತೆರೆಯಿರಿ. ಕಳಿಸಿದ ಮೇಲೆ ಇನ್ನೇನಾದರೂ ಗೊತ್ತಾಗಿದ್ದರೆ ಅದನ್ನೂ ಹೇಳಿ.

ಆಯ್ಕೆ ಆಗಲಿಲ್ಲ ಅಂದರೆ ಬೇಜಾರಾಗುತ್ತದೆ, ಗೊತ್ತು. ಅವತ್ತೇ ಉತ್ತರ ಬರೆಯಬೇಡಿ. ಮಾರನೇ ದಿನ ಎರಡು ಸಾಲು: ‘ತಿಳಿಸಿದ್ದಕ್ಕೆ ಧನ್ಯವಾದ ಮೇಡಂ. ಮುಂದಿನ ಸಲಕ್ಕೆ ನಾನು ಯಾವುದರಲ್ಲಿ ಗಟ್ಟಿಯಾಗಬೇಕು ಅಂತ ಒಂದು ಮಾತು ಹೇಳಿದರೆ ಉಪಕಾರ.’ ಯಾಕೆ ತೆಗೆದುಕೊಳ್ಳಲಿಲ್ಲ ಅಂತ ವಾದಕ್ಕೆ ಇಳಿಯಬೇಡಿ. ಉತ್ತರ ಬಂದರೆ ಅದನ್ನು ಆ ಇಂಟರ್‌ವ್ಯೂನ ಪುಟದ ಕೆಳಗೇ ಬರೆದಿಡಿ. ಹೀಗೆ ಕೇಳಿದವರ ಹೆಸರು ನಮ್ಮ ಫೈಲಿನಲ್ಲಿ ಇರುತ್ತದೆ. ಸೇರಿದವರು ಎರಡು ತಿಂಗಳಿಗೆ ಬಿಟ್ಟು ಹೋದಾಗ ನಾನು ಮೊದಲು ತೆರೆಯುವುದು ಆ ಫೈಲನ್ನೇ. ಹಾಗಾಗಿ ಫೋನ್ ನಂಬರ್ ಬದಲಾಯಿಸಿದರೆ ಒಂದು ಸಾಲು ಇಮೇಲ್ ಮಾಡಿ ತಿಳಿಸಿ.